ದೀಪ ಹಚ್ಚುವುದರೊಳಗೆ ಮನೆಗೆ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಎಂಟು ವರ್ಷ ತುಂಬುವವರೆಗೂ ನಾನು ಒಂದೇ ಒಂದು ಸಲವೂ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡಿರಲಿಲ್ಲ. ಮನೆಯಿಂದ ಪೆಸಿಫಿಕ್ ದಂಡೆಗೆ ಕಾರಿನಲ್ಲಿ ಒಂದು ಗಂಟೆಯ ದಾರಿ, ಅಷ್ಟೇ. ನೋಡಿರಲಿಲ್ಲ ಎನ್ನುವುದಷ್ಟೇ ಆಗಿದ್ದರೆ ಅದೇನು ದೊಡ್ಡ ಪಾಪವಲ್ಲ. ಪಾಪ ಏನೆಂದರೆ, ನೋಡದ ಆ ಸೂರ್ಯಾಸ್ತವನ್ನು ವರ್ಣಿಸಿ ಮೈಸೂರಿನ ನನ್ನ ಅಕ್ಕನಿಗೆ ಎರಡು ಪುಟದ ಕಾಗದ ಬರೆದಿದ್ದೆ.

ತಪ್ಪು ಅಕ್ಕನದೂ ಇದೆ. "ಪಡುವಣ ಸಮುದ್ರದ ಪಕ್ಕದಲ್ಲೇ ಇದ್ದೀಯ, ದಿನಾ ಸೂರ್ಯಾಸ್ತ ನೋಡ್ತೀಯೇನೋ, ನಮಗೂ ಒಂದಿಷ್ಟು ಬರೀಬಾರದಾ?" ಎಂದು ಕೇಳಿದ್ದಳು. ಇಲ್ಲ ಕಣೇ, ನೋಡಿಲ್ಲ ಅಂತ ಬರೆಯಲು ಮನಸ್ಸು ಬರಲಿಲ್ಲ. ಅಮೆರಿಕಕ್ಕೆ ಬಂದವರಿಗೆ ಒಂದು ಬಿಂಕ ಇರುತ್ತದಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ಟೊಮ್ಯಾಟೋ ಸಾರಿನ ಬಣ್ಣವನ್ನೇ ಆಕಾಶಕ್ಕೆಲ್ಲ ಬಳಿದೆ. ಸೂರ್ಯ ನೀರಿಗೆ ತಾಗಿದಾಗ ಚುಂಯ್ ಎಂದು ಕೇಳಿಸಿದಂತಾಯಿತು ಎಂದೂ ಸೇರಿಸಿದೆ. ಅಕ್ಕ ಅದನ್ನು ತನ್ನ ಮಹಿಳಾ ಸಮಾಜದಲ್ಲಿ ಗಟ್ಟಿಯಾಗಿ ಓದಿದಳು. ನಾವು ಆ ಬೇಸಿಗೆಯಲ್ಲಿ ಊರಿಗೆ ಹೊರಡುವವರೆಂದು ತಿಳಿದ ಮೇಲೆ ಇನ್ನೊಂದು ಕಾಗದ ಬಂತು: "ನಿನ್ನ ಬಾಯಿಂದಲೇ ಕೇಳಬೇಕಂತೆ ಎಲ್ಲರಿಗೂ. ಒಂದು ಮಧ್ಯಾಹ್ನ ನಿನಗಾಗಿಯೇ ಇಟ್ಟುಕೊಂಡಿದ್ದೇವೆ." ಹೊರಡಲು ಮೂರು ತಿಂಗಳಿತ್ತು, ಅಷ್ಟರೊಳಗೆ ಒಂದಾದರೂ ಸೂರ್ಯನನ್ನು ಮುಳುಗಿಸಲೇಬೇಕಿತ್ತು.

ಇಷ್ಟು ಸುಲಭದ ಕೆಲಸ ನಮ್ಮ ಮನೆಯಲ್ಲಿ ಯಾಕೆ ಆಗುವಂತಿರಲಿಲ್ಲ ಎನ್ನುವುದಕ್ಕೆ ನಮ್ಮ ಅತ್ತೆಯವರ ಪರಿಚಯ ಆಗಬೇಕು. ಧಾರವಾಡದವರು. ನಮ್ಮ ಜೊತೆಯಲ್ಲೇ ಇದ್ದರು. ಇಳಕಲ್ ಸೀರೆ, ಕೆಳಗೆ ಮೊಮ್ಮಗಳು ಆರಿಸಿಕೊಟ್ಟ ಬಿಳಿ ಸ್ನೀಕರ್ಸು. ತಿರುಗಾಟವೆಂದರೆ ಪ್ರಾಣ. ಶನಿವಾರ ಬೆಳಿಗ್ಗೆ ನಾವಿನ್ನೂ ಹಲ್ಲುಜ್ಜುವಾಗಲೇ ಅವರು ಚಪಾತಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಕಟ್ಟಿಕೊಂಡು ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟಿನಲ್ಲಿ ಕೂತಾಗಿರುತ್ತಿತ್ತು. ಅವರಿಗೆ ಇದ್ದದ್ದು ಒಂದೇ ಒಂದು ನಿಯಮ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಸಂಜೆ ಹೊತ್ತಿನಲ್ಲಿ ಬಾಗಿಲು ಮುಚ್ಚಿ ಮನೆ ಕತ್ತಲಾಗಿದ್ದರೆ ಲಕ್ಷ್ಮಿ ಬಂದು ಹಾಗೇ ತಿರುಗಿ ಹೋಗುತ್ತಾಳೆ.

ನಮ್ಮವರು ಡಾಕ್ಟರು, ಯಾವ ರೋಗಕ್ಕೂ ಒಂದು ಉಪಾಯ ಹುಡುಕುವವರು. ಒಮ್ಮೆ ಹೇಳಿ ನೋಡಿದರು: "ಅವ್ವಾ, ಟೈಮರ್ ಅಂತ ಬರ್ತದ. ಸಂಜೀ ಆದಕೂಡಲೆ ತಾನಾಗೇ ಲೈಟ್ ಹತ್ತತದ."

"ಲೈಟ್ ಹತ್ತತದ, ಖರೆ," ಅಂದರು ಅತ್ತೆ. "ಲಕ್ಷ್ಮಿ ಬಂದು ಬಾಗಲಾ ಬಡದ್ರ ತಗೀಲಿಕ್ಕೆ ಯಾರು ಬರ್ತಾರ? ನಿನ್ನ ಟೈಮರ್ ಬರ್ತದೇನು?"

ಅಲ್ಲಿಗೆ ಆ ವಿಷಯ ಮುಗಿಯಿತು.

ಈ ನಿಯಮದ ಲೆಕ್ಕಾಚಾರ ನೋಡಿ. ಸೂರ್ಯ ಮುಳುಗುವಾಗ ಮನೆಯಲ್ಲಿರಬೇಕಾದವರು ಸಮುದ್ರದ ದಂಡೆಯಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಲು ಸಾಧ್ಯವೇ ಇಲ್ಲ. ಎಲ್ಲಿಗೆ ಹೋದರೂ ನಮ್ಮದು ಅರ್ಧ ಪ್ರವಾಸ. ಯೊಸೆಮಿಟಿಗೆ ಹೋಗಿ ಒಂದು ಜಲಪಾತಕ್ಕೆ ಕೈಮುಗಿದು ಕಾರು ತಿರುಗಿಸಿದವರು ನಾವು. ಮಾಂಟೆರೆಯ ಮತ್ಸ್ಯಾಲಯದಲ್ಲಿ ಮೀನುಗಳ ಮುಖ ನೋಡಿದೆವು, ಬಾಲ ನೋಡುವಷ್ಟು ಹೊತ್ತಿರಲಿಲ್ಲ. ಮಧ್ಯಾಹ್ನ ಮೂರಾಯಿತೆಂದರೆ ಹತ್ತು ವರ್ಷದ ನಮ್ಮ ನಂದಿನಿ ಹಿಂದಿನ ಸೀಟಿನಿಂದ, "ಆರ್ ವಿ ಟರ್ನಿಂಗ್ ಬ್ಯಾಕ್ ಆಲ್‌ರೆಡಿ?" ಎಂದು ರಾಗ ಎಳೆಯುತ್ತಿದ್ದಳು. ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತುಬಿಟ್ಟರೆ ನಾವೆಲ್ಲ ಕನ್ನಡಿಯಲ್ಲಿ ಪಶ್ಚಿಮವನ್ನು ನೋಡುತ್ತಾ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಹಿಂದಿನವರು ಇದಕ್ಕೆ ಗೋಧೂಳಿಯ ಹೊತ್ತು ಅಂತ ಹೆಸರಿಟ್ಟರು, ಹಸುಗಳು ಮನೆಗೆ ಮರಳುವಾಗ ಧೂಳೇಳುವ ಹೊತ್ತು. ಆ ಹೊತ್ತಿಗೆ ನಿಮಿಟ್ಜ್ ಫ್ರೀವೇಯಲ್ಲಿ ಮನೆಗೆ ಮರಳುತ್ತಿದ್ದ ಸಾಲು ಕಾರುಗಳಲ್ಲಿ ಕೊಟ್ಟಿಗೆಯ ಆತುರ ನಮ್ಮಷ್ಟು ಯಾರಿಗೂ ಇದ್ದಿರಲಾರದು.

ಇನ್ನು ನಮ್ಮವರ ಕತೆಯೇ ಬೇರೆ. ಮದುವೆಗೆ ಮುಂಚೆ ಅವರು ಎರಡು ವರ್ಷ ಎಡಿನ್‌ಬರೋದಲ್ಲಿ ಓದಿದವರು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಏನನ್ನು ತೋರಿಸಿದರೂ, "ಸ್ಕಾಟ್ಲೆಂಡಿನ್ಯಾಗ ನೋಡಬೇಕು ನೀ," ಅನ್ನುವುದೇ. ಗುಡ್ಡ ಕಂಡರೆ ಸ್ಕಾಟ್ಲೆಂಡಿನ ಗುಡ್ಡ, ಮಂಜು ಕಂಡರೆ ಸ್ಕಾಟ್ಲೆಂಡಿನ ಮಂಜು. ಭೂಪಟ ಹರಡಿಕೊಂಡು ಅವರು ಕಂಡುಹಿಡಿದ ಒಂದು ಸತ್ಯವನ್ನು ಮಾತ್ರ ನಾನೂ ಒಪ್ಪಬೇಕು. ನಮ್ಮ ಸುತ್ತಮುತ್ತ ಒಂದು ಚಿಲ್ಲರೆ ಸ್ಕಾಟ್ಲೆಂಡೇ ಹರಡಿಕೊಂಡಿದೆ. ಫ್ರೀಮಾಂಟಿನಿಂದ ಕೊಲ್ಲಿ ದಾಟುವ ಸೇತುವೆಯ ಹೆಸರು ಡಂಬಾರ್ಟನ್, ಅದು ಅಲ್ಲಿನ ಒಂದು ಊರು. ಸ್ಯಾಂಟಾ ಕ್ರೂಸ್ ಬೆಟ್ಟಗಳಲ್ಲಿ ಒಂದು ಬೆನ್ ಲೋಮಂಡ್ ಇದೆ. ಉತ್ತರಕ್ಕೆ ಹೋದರೆ ಒಂದು ಇನ್ವರ್ನೆಸ್ ಇದೆ. ಊರು ಬಿಟ್ಟು ಬಂದ ಸ್ಕಾಟ್ಲೆಂಡಿನವರು ಗುಡ್ಡಕ್ಕೂ ತೀರಕ್ಕೂ ತಮ್ಮೂರಿನ ಹೆಸರಿಟ್ಟು ಸಮಾಧಾನಪಟ್ಟುಕೊಂಡರು ಎಂದು ಕಾಣುತ್ತದೆ. ನಮ್ಮವರು ಅವೆಲ್ಲವನ್ನೂ ಒಂದೊಂದು ಶನಿವಾರ ತೋರಿಸಿದರು, ಅರ್ಧರ್ಧ. ಇನ್ವರ್ನೆಸ್ಸಿನಲ್ಲಿ ನಾವಿದ್ದದ್ದು ನಲವತ್ತು ನಿಮಿಷ. ಅದರಲ್ಲಿ ಹದಿನೈದು ಅವಲಕ್ಕಿಗೆ ಹೋಯಿತು.

ಅಕ್ಕನ ಕಾಗದ ಬಂದ ಮೇಲೆ ನಾನು ಮೂರು ಸಲ ಏನೋ ನೆಪ ಹೇಳಿ ಎಲ್ಲರನ್ನೂ ಹಾಫ್ ಮೂನ್ ಬೇ ದಂಡೆಗೆ ಹೊರಡಿಸಿದೆ. ಮುಳುಗುವುದು ಬೇಡ, ಮುಳುಗುವ ದಾರಿಯಲ್ಲಿರುವ ಸೂರ್ಯನಾದರೂ ಸಿಗಲಿ ಅಂತ. ಮೂರು ಸಲವೂ ಗುಡ್ಡ ಇಳಿಯುತ್ತಿದ್ದಂತೆ ಮಂಜು. ಸೂರ್ಯನಿರಲಿ, ಸಮುದ್ರವೇ ಕಾಣಲಿಲ್ಲ. "ಸ್ಕಾಟ್ಲೆಂಡಿನ್ಯಾಗ ಹಿಂಗ ಇರ್ತದ," ಎಂದು ನಮ್ಮವರು ಸಂತೋಷಪಟ್ಟರು. ನನಗೆ ಅವರನ್ನು ಅಲ್ಲೇ ಬಿಟ್ಟುಬರುವಷ್ಟು ಸಿಟ್ಟು ಬಂತು.

ಜೂನಿನಲ್ಲಿ ಊರಿಗೆ ಹೊರಟೆವು. ಧಾರವಾಡದಲ್ಲಿ ಒಂದು ಮದುವೆ, ಆಮೇಲೆ ಮೈಸೂರು. ಲಂಡನ್ನಿನಲ್ಲಿ ವಿಮಾನ ಬದಲಿಸಬೇಕಿತ್ತು. ನಮ್ಮವರು ಈ ಅವಕಾಶ ಬಿಡುತ್ತಾರೆಯೇ? ಮಧ್ಯೆ ಐದು ದಿನ ಬಿಡುವು ಮಾಡಿ ಎಡಿನ್‌ಬರೋಗೆ ಹೋಗುವುದೆಂದು ಯಾರನ್ನೂ ಕೇಳದೆ ತೀರ್ಮಾನಿಸಿದರು. ಅವರು ಓದುವಾಗ ಇದ್ದ ಮನೆಯೊಡತಿ ಇನ್ನೂ ಗಟ್ಟಿಮುಟ್ಟಾಗಿದ್ದರು. ಮಹಡಿಯ ಮೇಲಿನ ಎರಡು ಕೋಣೆ ನಮಗೆ ಬಿಟ್ಟುಕೊಟ್ಟರು. ಅಲ್ಲಿಂದ ದಿನಕ್ಕೊಂದು ಊರು ನೋಡಿ ಬರುವುದೆಂದು ಲೆಕ್ಕ. ಅತ್ತೆ ಪೆಟ್ಟಿಗೆಯಿಂದ ತಮ್ಮ ಹಿತ್ತಾಳೆಯ ಪುಟ್ಟ ದೀಪವನ್ನು ತೆಗೆದು, ಆ ಹೆಂಗಸಿನ ಒಪ್ಪಿಗೆ ಪಡೆದು, ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಇಟ್ಟರು. ಲಕ್ಷ್ಮಿಗೆ ಹೊಸ ವಿಳಾಸ ತಿಳಿಸಿದಂತಾಯಿತು.

ಮೊದಲ ದಿನ ಸ್ಟರ್ಲಿಂಗ್ ಕೋಟೆ. ಒಳ್ಳೆಯ ಕೋಟೆಯೇ. ಆದರೆ ಮೂರು ಗಂಟೆಯಾದದ್ದೇ ತಡ, ಯಾರೂ ಹೇಳದೆ ನಾವು ನಾಲ್ವರೂ ಬಾಡಿಗೆ ಕಾರಿನ ಕಡೆ ನಡೆದಿದ್ದೆವು, ಅಭ್ಯಾಸಬಲ. ಐದೂವರೆಗೆ ಮನೆ. ಅತ್ತೆ ಕೈಕಾಲು ತೊಳೆದು, ಬತ್ತಿಗೆ ಎಣ್ಣೆ ಹಾಕಿ, ಬೆಂಕಿಪೊಟ್ಟಣ ಹಿಡಿದು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತರು. ನಾವೂ ಕೂತೆವು. ಆರಾಯಿತು, ಏಳಾಯಿತು. ಬಿಸಿಲು ಬೆಳಗಿನ ಹತ್ತು ಗಂಟೆಯದರಂತೆ ಹೊಳೆಯುತ್ತಿತ್ತು. ಎಂಟಕ್ಕೆ ಕೆಳಗೆ ಬೀದಿಯಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಅತ್ತೆ ಬೆಂಕಿಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಎಂಟೂವರೆಗೆ ಮನೆಯೊಡತಿ ಬಾಗಿಲಲ್ಲಿ ಇಣುಕಿ, "ಈಸ್ ಎವ್ರಿಥಿಂಗ್ ಆಲ್ ರೈಟ್, ಡಿಯರ್?" ಎಂದರು.

"ಅಜ್ಜಿ ಈಸ್ ವೇಟಿಂಗ್ ಫಾರ್ ದ ಸನ್ ಟು ಗೋ ಡೌನ್," ಅಂದಳು ನಂದಿನಿ.

"ಓ! ದೆನ್ ಶಿ ವಿಲ್ ನೀಡ್ ಅನದರ್ ಕಪ್ ಆಫ್ ಟೀ," ಎಂದು ಆಕೆ ಚಹಾ ಮಾಡಲು ಹೋದರು.

ಒಂಬತ್ತೂ ಕಾಲಿಗೆ ಅತ್ತೆಯ ತಾಳ್ಮೆ ಮುಗಿಯಿತು. "ಏ, ಈ ಊರಾಗ ಸಂಜೀ ಆಗ್ತದೋ, ಇಲ್ಲೋ?"

ನಮ್ಮವರು ನಾಲಿಗೆ ಕಚ್ಚಿಕೊಂಡರು. "ಬ್ಯಾಸಗ್ಯಾಗ ಹತ್ತು ಗಂಟೆ ಆಗ್ತದವ್ವಾ. ನನಗ ಲಕ್ಷ್ಯಾನ ಇರಲಿಲ್ಲ."

"ಎರಡು ವರ್ಷ ಇಲ್ಲೇ ಇದ್ದು ಹೋಗೀದಿ. ಸೂರ್ಯಾ ಯಾವಾಗ ಮುಳುಗ್ತಾನ ಅನ್ನೂದು ಗೊತ್ತಿಲ್ಲ?"

"ನಾ ಎಲ್ಲಿ ನೋಡೀನವ್ವಾ. ಬೆಳಿಗ್ಗೆ ಆಸ್ಪತ್ರಿ ಹೊಕ್ಕರ ರಾತ್ರಿ ಹೊರಗ ಬರ್ತಿದ್ದೆ. ಹೊರಗ ಹೋಗಿದ್ದು ಎರಡೋ ಮೂರೋ ಸರ್ತಿ."

ಆಹಾ! ಎಂಟು ವರ್ಷ ನಮ್ಮ ತಲೆಯ ಮೇಲೆ ಹೊರಿಸಿದ ಸ್ಕಾಟ್ಲೆಂಡಿನ ಬಂಡವಾಳ ಎರಡೋ ಮೂರೋ ಸರ್ತಿ! ಉಳಿದದ್ದೆಲ್ಲ ಆಸ್ಪತ್ರೆಯ ಕ್ಯಾಲೆಂಡರಿನಲ್ಲಿ ನೋಡಿದ್ದಂತೆ. ನೋಡದ್ದನ್ನು ವರ್ಣಿಸಿದವಳು ಈ ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂದು ತಿಳಿದು ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ. ಆ ನೆಮ್ಮದಿಯಲ್ಲೇ ತಲೆ ಓಡಿತು. ಸಂಧ್ಯಾಕಾಲದ ನಿಯಮ ಮಾಡಿದ ನಮ್ಮ ಹಿರಿಯರು ವರ್ಷವಿಡೀ ಆರೂವರೆಯ ಆಸುಪಾಸಿನಲ್ಲೇ ಸೂರ್ಯ ಮುಳುಗುವ ನಾಡಿನವರು. ಇಷ್ಟು ಉತ್ತರದ ಅಕ್ಷಾಂಶ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಅಂದರೆ ಇಲ್ಲಿ ಅತ್ತೆಯ ನಿಯಮ ಮುರಿಯದೆಯೇ ನಮಗೆ ದಿನಕ್ಕೆ ಮೂರು ನಾಲ್ಕು ಗಂಟೆ ಹೆಚ್ಚಿಗೆ ಸಿಕ್ಕಿತು!

ಎರಡನೆಯ ದಿನ ಲಾಕ್ ಲೋಮಂಡ್ ಸರೋವರವನ್ನು ಮೊದಲ ಬಾರಿಗೆ ತಲೆಯಿಂದ ಬಾಲದವರೆಗೆ ನೋಡಿದೆವು. ದೋಣಿ ಹತ್ತಿದೆವು, ಇಳಿದೆವು, ನಂದಿನಿ ಐಸ್‌ಕ್ರೀಮ್ ತಿಂದು ಮುಗಿಸುವವರೆಗೆ ಯಾರೂ ಅವಸರ ಮಾಡಲಿಲ್ಲ. ದಾರಿಯಲ್ಲಿ ಅಸಲಿ ಡಂಬಾರ್ಟನ್ ಬಂತು. ನಮ್ಮವರು ಕಾರು ನಿಲ್ಲಿಸಿ, ಕೆಳಗಿಳಿದು, ಸುತ್ತ ನೋಡಿ, "ನಮ್ಮ ಫ್ರೀಮಾಂಟಿನ ಕಡೆ ಎಷ್ಟು ಛಂದ ಸೇತುವೆ ಅದ, ಇಲ್ಲೆ ಏನೂ ಇಲ್ಲ," ಅಂದರು! ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಒಂಬತ್ತೂವರೆಗೆ ಮನೆ ಸೇರಿ, ಹತ್ತಕ್ಕೆ ದೀಪ ಹಚ್ಚಿದೆವು.

ಮೂರನೆಯ ದಿನ ಓಬನ್. ಪಶ್ಚಿಮದ ತೀರದ ಊರು, ಎದುರಿಗೇ ಸಮುದ್ರ. ಬೆಳಗಿನಿಂದ ಜಿಟಿಜಿಟಿ ಮಳೆ. ಮೂರು ಗಂಟೆಯ ದಾರಿ ಸವೆಸಿ ಹೋಗುವಾಗ ನನ್ನ ಆಸೆಯೆಲ್ಲ ತಣ್ಣಗಾಗಿತ್ತು. ಮಧ್ಯಾಹ್ನ ಮೋಡ ಹರಿದು ಬಿಸಿಲು ಬಂದೇ ಬಂತು. ದಂಡೆಯ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆವು. ಒಂದು ಕಡಲಹಕ್ಕಿ ನಮ್ಮವರ ಕೈಯಿಂದಲೇ ಚಪಾತಿ ಕಸಿದುಕೊಂಡು ಹೋಯಿತು. ಸಂಜೆ ಏಳಕ್ಕೆ ಸೂರ್ಯ ಸಮುದ್ರದ ಮೇಲೆ ಇನ್ನೂ ಸಾಕಷ್ಟು ಎತ್ತರದಲ್ಲಿದ್ದ. ಆಗಲೇ ನಮ್ಮವರು ಕೀಲಿಕೈ ತೆಗೆದು, "ನಡೀರಿ, ಹೊರಡೂಣು. ಈಗ ಬಿಟ್ಟರ ಹತ್ತಕ್ಕ ಮುಟ್ಟತೀವಿ," ಅಂದರು.

ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಅಳು ಬಂದದ್ದು. ಭೂಮಿಯ ಈ ತುದಿಗೆ ಬಂದರೂ ಅದೇ ಕಾರು, ಅದೇ ತಿರುವು. ಇನ್ನೊಂದು ವಾರಕ್ಕೆ ಮಹಿಳಾ ಸಮಾಜ. ನಾನು ಬೆಂಚಿನಿಂದ ಏಳಲೇ ಇಲ್ಲ.

"ಯಾಕ ಸುಮಾ, ಮಾರಿ ಯಾಕ ಹಂಗ ಮಾಡೀದಿ?" ಅಂದರು ಅತ್ತೆ.

ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕ, ಕಾಗದ, ಟೊಮ್ಯಾಟೋ ಸಾರು, ಚುಂಯ್.

"ಎರಡು ಪುಟಾ?"

"ಎರಡು ಪುಟ, ಅತ್ತೆ."

"ಅದರಾಗ ಖರೇ ಒಂದೂ ಇಲ್ಲ?"

"ಸಮುದ್ರ ಇದೆ ಅನ್ನೋದೊಂದು ನಿಜ."

ಅತ್ತೆ ನಕ್ಕರು ನೋಡಿ. ಸೆರಗು ಬಾಯಿಗೆ ಹಿಡಿದು ಬೆಂಚು ಅಲುಗುವಂತೆ ನಕ್ಕರು. ಆಮೇಲೆ ತಟ್ಟನೆ ನಗು ನಿಲ್ಲಿಸಿ, "ಎಂಟು ವರ್ಷ ಆತು. ನನಗ ನೋಡಬೇಕಾಗೇದ ಅತ್ತಿ, ಅಂತ ಒಂದು ಸರ್ತೀನೂ ಯಾಕ ಹೇಳಲಿಲ್ಲ?" ಅಂದರು.

ನಿಜ, ಹೇಳಿರಲಿಲ್ಲ. ಗಂಡನ ಹತ್ತಿರ ಗೊಣಗಿದ್ದೆ, ಮಗಳ ಹತ್ತಿರ ಗೊಣಗಿದ್ದೆ, ಪಾತ್ರೆಗಳ ಹತ್ತಿರವಂತೂ ದಿನಾ ಗೊಣಗಿದ್ದೆ. ನಿಯಮ ಮಾಡಿದವರನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಏನನ್ನುತ್ತಾರೋ ಎಂದು ಎಂಟು ವರ್ಷ ನಾವೇ ಅವರ ಪರವಾಗಿ ಬೇಡ ಎಂದುಕೊಂಡು ಬಂದಿದ್ದೆವು.

ಅತ್ತೆ ತಮ್ಮ ಕೈಚೀಲಕ್ಕೆ ಕೈಹಾಕಿದರು. ಒಳಗಿಂದ ಮನೆಯೊಡತಿ ಕೊಟ್ಟ ಬಿಸ್ಕತ್ತಿನ ಖಾಲಿ ಡಬ್ಬಿ ಬಂತು. ಅದರೊಳಗೆ ಹಿತ್ತಾಳೆಯ ದೀಪ, ಬತ್ತಿ, ಎಣ್ಣೆಯ ಶೀಶೆ, ಬೆಂಕಿಪೊಟ್ಟಣ. ಬೆಳಿಗ್ಗೆಯೇ ಕಟ್ಟಿಕೊಂಡು ಬಂದಿದ್ದರು!

"ಅವ್ವಾ, ಮನ್ಯಾಗ ಹಚ್ಚಬೇಕಲ್ಲ?" ಅಂದರು ನಮ್ಮವರು.

"ಯಾವ ಮನ್ಯಾಗೋ? ಅದು ಆ ಚಹಾ ಕೊಟ್ಟ ಬಾಯೀ ಮನಿ. ಫ್ರೀಮಾಂಟಿನ ಮನೀಗೆ ಕೀಲಿ ಹಾಕಿ ಬಂದೀವಿ, ಧಾರವಾಡದ ಮನೀಗೆ ಇನ್ನೂ ಮುಟ್ಟಿಲ್ಲ. ಎರಡು ದಿವಸದಿಂದ ವಿಚಾರ ಮಾಡ್ಲಿಕ್ಕತ್ತೀನಿ. ಲಕ್ಷ್ಮಿ ಬರೂದಾದ್ರ ಎಲ್ಲಿ ಬರಬೇಕು? ನಾವು ನಾಲ್ಕೂ ಮಂದಿ ಎಲ್ಲಿರ್ತೀವೋ ಅಲ್ಲೇ ಬರ್ತಾಳ. ಕೂಡು ಸುಮ್ನ."

ನಮ್ಮವರು ಕೂತರು. ನಾವು ಮೂರು ತಾಸಿಗೂ ಹೆಚ್ಚು ಹೊತ್ತು ಸೂರ್ಯನನ್ನು ಕಾದೆವು. ಒಂಬತ್ತೂವರೆಗೆ ನಾನೇ ಗಾಬರಿಯಾಗಿ, "ಅತ್ತೆ, ದೀಪ ಹಚ್ಚಿಬಿಡೋಣವಾ?" ಎಂದೆ. ಅವರು ಪಶ್ಚಿಮಕ್ಕೆ ಕೈ ತೋರಿಸಿ, "ಆ ದೀಪಾ ಇನ್ನೂ ಉರೀಲಿಕ್ಕತ್ತದ. ನಾ ಯಾವ ದೀಪಾ ಹಚ್ಚಲಿ?" ಅಂದರು.

ಹತ್ತು ದಾಟಿದ ಮೇಲೆ ಸೂರ್ಯ ಕೆಂಪಗಾಗಿ, ಹಿಗ್ಗಿ, ಇಳಿಯುತ್ತಾ ಇಳಿಯುತ್ತಾ ಎದುರಿನ ದ್ವೀಪದ ಗುಡ್ಡದ ಹಿಂದೆ ಹೋಗಿಬಿಟ್ಟ. ಗುಡ್ಡದ ಹಿಂದೆ! ನೀರಿಗೆ ತಾಗಲೇ ಇಲ್ಲ. ನಾನು ಬಾಯಿ ತೆರೆದುಕೊಂಡು ನಿಂತೆ. ಅತ್ತೆ ಕಾರಿನೊಳಗೆ ಗಾಳಿ ತಾಗದಂತೆ ಡಬ್ಬಿಯಲ್ಲಿ ದೀಪವಿಟ್ಟು ಹಚ್ಚಿದರು. ನಾಲ್ವರೂ ಕೈಮುಗಿದೆವು. ಅದು ಶಾಂತವಾಗುವವರೆಗೂ ಅಲ್ಲೇ ಕೂತಿದ್ದು ಹೊರಡುವಾಗ ಅತ್ತೆ ತೀರ್ಪು ಕೊಟ್ಟರು: "ಇದು ಲೆಕ್ಕಕ್ಕಿಲ್ಲ ಸುಮಾ. ಊರಿಂದ ಬಂದ ಮ್ಯಾಲೆ ನಮ್ಮ ಸಮುದ್ರಕ್ಕ ಹೋಗೂಣು."

ಮೈಸೂರಿನ ಮಹಿಳಾ ಸಮಾಜದಲ್ಲಿ ನಾನು ಪೆಸಿಫಿಕ್ಕಿನ ಸುದ್ದಿಯನ್ನೇ ಎತ್ತಲಿಲ್ಲ. ಬೆಂಕಿಪೊಟ್ಟಣ ಹಿಡಿದು ಸಂಜೆಗಾಗಿ ಕಾದು ಕೂತ ಅತ್ತೆಯ ಕತೆ ಹೇಳಿದೆ. ಇಪ್ಪತ್ತು ಜನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕೋಡುಬಳೆ ತಣ್ಣಗಾಯಿತು. ಚುಂಯ್ ಅಂದದ್ದರ ಬಗ್ಗೆ ಯಾರೂ ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಅಕ್ಟೋಬರಿನಲ್ಲಿ ನಮ್ಮ ಕಡಲತೀರದಲ್ಲಿ ಮಂಜು ಸರಿದು ಆಕಾಶ ತೊಳೆದಿಟ್ಟಂತಿರುತ್ತದೆ. ಒಂದು ಶನಿವಾರ, ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಊಟ ಮುಗಿಸಿ ನಿಧಾನವಾಗಿ ಹೊರಟೆವು. ಡಂಬಾರ್ಟನ್ ಸೇತುವೆಯ ಮೇಲೆ ಎದುರಿನಿಂದ ಮನೆಗೆ ಮರಳುವ ಕಾರುಗಳು ಬರುತ್ತಿದ್ದವು. ಆ ಹೊತ್ತಿನಲ್ಲಿ ಆ ದಿಕ್ಕಿಗೆ ನಾವು ಹೋಗುತ್ತಿದ್ದದ್ದು ಅದೇ ಮೊದಲು. "ವಿ ಆರ್ ಗೋಯಿಂಗ್ ದ ರಾಂಗ್ ವೇ!" ಎಂದು ನಂದಿನಿ ಕುಣಿದಳು. ಹಾಫ್ ಮೂನ್ ಬೇ ಮರಳಿನಲ್ಲಿ ಅತ್ತೆಗೆ ಮಡಚುವ ಕುರ್ಚಿ ಹಾಕಿದೆವು. ಮೊಣಕಾಲ ಮೇಲೆ ಶಾಲು, ಕಾಲ ಬಳಿ ಸ್ಕಾಟ್ಲೆಂಡಿನ ಬಿಸ್ಕತ್ತಿನ ಡಬ್ಬಿ. ಸೂರ್ಯ ನೀರಿಗೆ ತಾಗಿದ. ಒತ್ತಿದಂತೆ ಚಪ್ಪಟೆಯಾದ. ಅರ್ಧವಾದ, ಒಂದೆಳೆಯಾದ, ಹೋದ. ಚುಂಯ್ ಎನ್ನಲಿಲ್ಲ.

"ಹೋದಾ?" ಅಂದರು ಅತ್ತೆ.

"ಹೋದ, ಅತ್ತೆ."

"ನೀರಾಗ ಹೋದ. ನಾ ಕಣ್ಣಾರೆ ನೋಡೀನಿ. ಬರಿ ಈಗ ನಿಮ್ಮ ಅಕ್ಕಗ," ಎಂದು ಕಡ್ಡಿ ಗೀರಿದರು. ದಂಡೆಯಲ್ಲಿ ಓಡುತ್ತಿದ್ದ ಒಬ್ಬ ಹುಡುಗಿ ನಿಂತು, ಡಬ್ಬಿಯೊಳಗಿನ ದೀಪ ನೋಡಿ, ಯಾರದಾದರೂ ಬರ್ತ್‌ಡೇಯೇ ಎಂದು ಕೇಳಿದಳು.

"ನೋ," ಅಂದಳು ನಂದಿನಿ, "ಇಟ್ಸ್ ಜಸ್ಟ್ ಈವ್ನಿಂಗ್."

ಆ ವಾರವೇ ಅಕ್ಕನಿಗೆ ಬರೆದೆ. ಹಿಂದಿನ ಕಾಗದ ಪೂರಾ ಸುಳ್ಳು, ಇದು ನಿಜ, ಕ್ಷಮಿಸು ಎಂದು ಐದು ಪುಟ. ಉತ್ತರ ಬರಲು ಮೂರು ವಾರ ಹಿಡಿಯಿತು, ಬಂದದ್ದು ನಾಲ್ಕು ಸಾಲು. "ಸುಳ್ಳು ಅಂತ ನನಗೆ ಮೊದಲೇ ಗೊತ್ತಿತ್ತು ಕಣೇ. ಎರಡು ಪುಟದಲ್ಲಿ ನಿಮ್ಮ ಮನೆಯವರು ಒಬ್ಬರೂ ಇರಲಿಲ್ಲ. ಈ ಸಲ ಸೂರ್ಯ ಎರಡೇ ಸಾಲು, ಮಿಕ್ಕಿದ್ದೆಲ್ಲ ನಿಮ್ಮತ್ತೆ. ಸಮಾಜದಲ್ಲಿ ಇದನ್ನೇ ಓದುತ್ತೇನೆ."

ಕಾಗದವನ್ನು ಅತ್ತೆಗೆ ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು, ಮಡಚಿ ಬಿಸ್ಕತ್ತಿನ ಡಬ್ಬಿಯಲ್ಲಿ ಬತ್ತಿಗಳ ಕೆಳಗೆ ಇಟ್ಟರು. ಮುಚ್ಚಳ ಒತ್ತುತ್ತಾ ಕೇಳಿದರು: "ಈ ಶನಿವಾರ ಎಲ್ಲಿಗೆ?"